ಅಡುಗೆಮನೆಯ ಮೇಲೆ ಬಿದ್ದ ಗುಮಾನಿ

ಸಿಂಗಪುರದ ಸಿರಿವಂತರ ಮನೆಯೊಂದರಲ್ಲಿ ಔತಣ. ಅಡುಗೆಯ ಹೊಣೆ ಆಂಟಿ ಲೀ ಎಂಬ ವಯಸ್ಸಾದ ವಿಧವೆಯದು. ಪುಟ್ಟ ಕೆಫೆಯೊಂದನ್ನು ನಡೆಸುವ ಈಕೆಯ ಕೈರುಚಿ ಊರಿಗೆಲ್ಲ ಗೊತ್ತು. ಅಂದಿನ ಊಟದಲ್ಲಿ 'ಬುವಾ ಕೆಲುವಾಕ್' ಎಂಬ ಕಪ್ಪು ಬೀಜ ಹಾಕಿ ಮಾಡಿದ ಕೋಳಿಯ ಅಡುಗೆಯೂ ಇದೆ. ಔತಣದ ಸಡಗರದ ನಡುವೆಯೇ ಮನೆಯೊಡತಿ ಮತ್ತು ಆಕೆಯ ಮಗ ಇಬ್ಬರೂ ಸತ್ತು ಬಿದ್ದಿರುವುದು ಪತ್ತೆಯಾಗುತ್ತದೆ. ಆ ಬೀಜದಲ್ಲಿ ಸಯನೈಡ್ ಇರುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಇನ್ನೇನು ಬೇಕು? ಕೆಫೆಗೆ ಬೀಗ ಬೀಳುತ್ತದೆ.

ಇದು ನಡೆದ ಘಟನೆಯಲ್ಲ, ಕಥೆ. ಸಿಂಗಪುರದ ಲೇಖಕಿ ಒವಿಡಿಯಾ ಯು 2014ರಲ್ಲಿ ಪ್ರಕಟಿಸಿದ 'ಆಂಟಿ ಲೀಸ್ ಡೆಡ್ಲಿ ಸ್ಪೆಷಲ್ಸ್' ಎಂಬ ಪತ್ತೇದಾರಿ ಕಾದಂಬರಿ ಶುರುವಾಗುವುದು ಹೀಗೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಾಮಾನ್ಯವಾಗಿ ಕೊಲೆಯಾದೊಡನೆ ಗುಮಾನಿ ಹೋಗುವುದು ಮನುಷ್ಯರ ಮೇಲೆ. ಇಲ್ಲಾದರೋ ಮೊದಲ ಗುಮಾನಿ ಒಂದು ಅಡುಗೆಯ ಮೇಲೆ, ಒಂದು ಜನಾಂಗ ತಲೆತಲಾಂತರದಿಂದ ಉಂಡುಕೊಂಡು ಬಂದ ಊಟದ ಮೇಲೆ. ಇಂಗ್ಲಿಷಿನಲ್ಲಿ ಈಚೆಗೆ ಬಂದಿರುವ ಇಂಥ ಹಲವು ಕಾದಂಬರಿಗಳಲ್ಲಿ ಇದೇ ಬಗೆಯ ಆರಂಭವಿದೆ. ಬರೆದವರು ಬೇರೆ ಬೇರೆ ನಾಡಿನ ಮೂಲದವರು, ಬೇರೆ ಬೇರೆ ನಗರಗಳವರು. ಆದರೂ ಅವರೆಲ್ಲ ಒಂದೇ ಕಡೆಯಿಂದ ಕಥೆ ಎತ್ತಿಕೊಂಡಿರುವುದೇಕೆ ಎಂದು ಹುಡುಕಹೊರಟರೆ ಸ್ವಾರಸ್ಯದ ಸಂಗತಿಗಳು ಸಿಗುತ್ತವೆ.

ರಕ್ತ ಕಾಣದ ಕೊಲೆಗಳು

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಬಾಡಿಗೆಗೆ ತಂದು, ಪಠ್ಯಪುಸ್ತಕದ ನಡುವೆ ಇಟ್ಟುಕೊಂಡು ಓದಿದ ತಲೆಮಾರು ನಮ್ಮಲ್ಲಿದೆ. ಪತ್ತೇದಾರಿ ಸಾಹಿತ್ಯದಲ್ಲಿಯೂ ಹಲವು ಕವಲುಗಳಿವೆ. ಅವುಗಳಲ್ಲೊಂದನ್ನು ಇಂಗ್ಲಿಷಿನವರು 'ಕೋಜಿ ಮಿಸ್ಟರಿ' ಎನ್ನುತ್ತಾರೆ. ಮಳೆಗಾಲದ ಸಂಜೆ ಕಂಬಳಿ ಹೊದ್ದು, ಬಿಸಿ ಕಾಫಿ ಹೀರುತ್ತ ಓದಬಹುದಾದ ಬೆಚ್ಚನೆಯ ಕಥೆಗಳಿವು. ಕೊಲೆಯೇನೋ ಆಗುತ್ತದೆ, ಆದರೆ ರಕ್ತದ ವರ್ಣನೆ ಇರುವುದಿಲ್ಲ. ನಡೆಯುವುದು ಚಿಕ್ಕ ಊರಿನಲ್ಲಿ, ಎಲ್ಲರಿಗೂ ಎಲ್ಲರೂ ಗೊತ್ತಿರುವ ಕಡೆ. ಅಪರಾಧಿಯನ್ನು ಹಿಡಿಯುವವರು ಪೊಲೀಸರಲ್ಲ. ಹೆಣಿಗೆ ಹಾಕುವ ಅಜ್ಜಿ, ಪುಸ್ತಕದಂಗಡಿಯ ಒಡತಿ, ಬೇಕರಿಯವಳು ಇಂಥವರು. ಕೊನೆಯ ಪುಟದ ಹೊತ್ತಿಗೆ ಊರು ಮತ್ತೆ ನೆಮ್ಮದಿಗೆ ಮರಳುತ್ತದೆ.

ಇಂಥ ಕಥೆಗಳಿಗೆ ಮೇಲ್ಪಂಕ್ತಿ ಹಾಕಿದವರಲ್ಲಿ ಆಗಾಥಾ ಕ್ರಿಸ್ಟಿ (1890-1976) ಮುಖ್ಯರು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಟಾರ್ಕೀ ಊರಿನ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದ್ದ ಆಕೆಗೆ ಔಷಧ ಮತ್ತು ವಿಷಗಳ ಗುಣ ಚೆನ್ನಾಗಿ ತಿಳಿದಿತ್ತು. 1953ರಲ್ಲಿ ಬಂದ 'ಎ ಪಾಕೆಟ್ ಫುಲ್ ಆಫ್ ರೈ' ಕಾದಂಬರಿಯಲ್ಲಿ ಯೂ ಎಂಬ ಮರದಿಂದ ಬರುವ ಟ್ಯಾಕ್ಸಿನ್ ವಿಷ ಬೆಳಗಿನ ತಿಂಡಿಯ ಮಾರ್ಮಲೇಡಿನಲ್ಲಿ ಸೇರಿರುತ್ತದೆ. ಆಗಿನ ಕಥೆಗಳಲ್ಲಿ ಊಟಕ್ಕೆ ಇದ್ದ ಕೆಲಸ ಹೆಚ್ಚಾಗಿ ಇಷ್ಟೇ: ವಿಷವನ್ನು ಹೊತ್ತು ತರುವುದು.

ಅಡುಗೆಮನೆಯೇ ಕಥೆಯ ನಡುಮನೆಯಾದದ್ದು ಅನಂತರ. 1982ರಲ್ಲಿ ಅಮೆರಿಕದ ವರ್ಜೀನಿಯಾ ರಿಚ್ 'ದಿ ಕುಕಿಂಗ್ ಸ್ಕೂಲ್ ಮರ್ಡರ್ಸ್' ಬರೆದರು. 1990ರಲ್ಲಿ ಡಯೇನ್ ಮಾಟ್ ಡೇವಿಡ್‌ಸನ್ ಅವರ 'ಕೇಟರಿಂಗ್ ಟು ನೋಬಡಿ', 2000ದಲ್ಲಿ ಜೋಆನ್ ಫ್ಲೂಕ್ ಅವರ 'ಚಾಕೊಲೇಟ್ ಚಿಪ್ ಕುಕಿ ಮರ್ಡರ್' ಬಂದವು. ಕಥೆಯ ಜೊತೆಗೆ ಅಡುಗೆಯ ವಿಧಾನವನ್ನೂ ಕೊಡುವ ವಾಡಿಕೆ ಗಟ್ಟಿಯಾಯಿತು. ಕೊಲೆಗಾರ ಯಾರೆಂದು ತಿಳಿದ ಮೇಲೂ ಪುಸ್ತಕ ಉಪಯೋಗಕ್ಕೆ ಬರುತ್ತಿತ್ತು. ಆದರೆ ಈ ಊರುಗಳಲ್ಲಿ ಬೇಯುತ್ತಿದ್ದುದು ಬಹುತೇಕ ಒಂದೇ ಬಗೆಯ ತಿನಿಸು, ಬೇಯಿಸುತ್ತಿದ್ದವರು ಬಹುತೇಕ ಬಿಳಿಯರು.

ಐದನೆಯ ನಿಯಮ

ಉಳಿದವರು ಎಲ್ಲಿದ್ದರು? 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ, ತಾವೂ ಪತ್ತೇದಾರಿ ಕಥೆಗಾರರಾಗಿದ್ದವರು, ಇಂಥ ಕಥೆಗಳಿಗೆಂದು ಹತ್ತು ನಿಯಮಗಳ ಪಟ್ಟಿ ಮಾಡಿದರು. ಸುಳಿವುಗಳನ್ನು ಓದುಗನಿಂದ ಮುಚ್ಚಿಡಬಾರದು ಎಂಬುದು ಅದರಲ್ಲೊಂದು. ಜಗತ್ತಿಗೆ ಇನ್ನೂ ತಿಳಿದಿಲ್ಲದ ವಿಷವನ್ನು ಬಳಸಬಾರದು ಎಂಬುದು ಇನ್ನೊಂದು. ಇವೆರಡನ್ನೂ ವಿಜ್ಞಾನದ ವಿದ್ಯಾರ್ಥಿಗಳು ಮೆಚ್ಚಬೇಕು. ಐದನೆಯ ನಿಯಮ ಮಾತ್ರ ವಿಚಿತ್ರವಾಗಿದೆ: ಕಥೆಯಲ್ಲಿ ಚೀನೀಯನು ಬರಕೂಡದು!

ನಾಕ್ಸ್ ಇದನ್ನು ಬರೆದದ್ದು ಚೀನೀಯರ ಮೇಲಿನ ಹಗೆಯಿಂದಲ್ಲ, ಅಂದಿನ ಅಗ್ಗದ ಕಥೆಗಳನ್ನು ಗೇಲಿ ಮಾಡಲು. ಆ ಕಾಲದ ರೋಚಕ ಕಾದಂಬರಿಗಳಲ್ಲಿ ಚೀನೀಯನೊಬ್ಬ ಬಂದನೆಂದರೆ ಅವನೇ ಖಳನಾಯಕ. ಓದುಗನಿಗೆ ಊಹಿಸುವ ಕಷ್ಟವೇ ಇರುತ್ತಿರಲಿಲ್ಲ. ಇದಕ್ಕೆ ಉತ್ತರವೆಂಬಂತೆ ಅಮೆರಿಕದ ಅರ್ಲ್ ಡೆರ್ ಬಿಗ್ಗರ್ಸ್ 1925ರಲ್ಲೇ ಚಾರ್ಲಿ ಚಾನ್ ಎಂಬ ಚೀನೀ ಮೂಲದ ಬುದ್ಧಿವಂತ ಪೊಲೀಸ್ ಅಧಿಕಾರಿಯನ್ನು ಸೃಷ್ಟಿಸಿದ್ದರು. ಖಳನಾಗಿದ್ದವನು ನಾಯಕನಾದ, ಸರಿ. ಆದರೆ ಬರೆದವರು ಬಿಳಿಯರು, ಹಾಲಿವುಡ್ಡಿನ ಹೆಸರಾಂತ ಚಾರ್ಲಿ ಚಾನ್ ಚಿತ್ರಗಳಲ್ಲಿ ಆ ಪಾತ್ರಕ್ಕೆ ಬಣ್ಣ ಹಚ್ಚಿದವರೂ ಬಿಳಿಯರು. ಚಾನನ ಮನೆಯ ಒಲೆಯ ಮೇಲೆ ಏನು ಬೇಯುತ್ತಿತ್ತೆಂಬುದನ್ನು ಒಳಗಿದ್ದವರ ಬಾಯಿಂದ ಕೇಳುವ ಅವಕಾಶ ಓದುಗರಿಗೆ ಸಿಗಲಿಲ್ಲ.

ಈ ಸ್ಥಿತಿಯನ್ನು ಅಲುಗಾಡಿಸಿದ ಪುಸ್ತಕಗಳಲ್ಲಿ 1992ರ 'ಬ್ಲಾಂಚ್ ಆನ್ ದ ಲ್ಯಾಮ್' ಮುಖ್ಯವಾದದ್ದು. ಬರೆದವರು ಬಾರ್ಬರಾ ನೀಲಿ ಎಂಬ ಆಫ್ರಿಕನ್-ಅಮೆರಿಕನ್ ಲೇಖಕಿ. ನಾಯಕಿ ಬ್ಲಾಂಚ್ ವೈಟ್ ಮನೆಗೆಲಸದವಳು, ಅಡುಗೆಯವಳು. ಬ್ಲಾಂಚ್ ಎಂದರೆ ಫ್ರೆಂಚಿನಲ್ಲಿ ಬಿಳಿ, ವೈಟ್ ಎಂದರೆ ಇಂಗ್ಲಿಷಿನಲ್ಲಿ ಬಿಳಿ; ಹೆಸರು ಹೊತ್ತವಳು ಮಾತ್ರ ಕಪ್ಪು ವರ್ಣದ ಹೆಂಗಸು. ನಾರ್ತ್ ಕರೊಲಿನಾದ ಶ್ರೀಮಂತ ಕುಟುಂಬವೊಂದರಲ್ಲಿ ಆಕೆ ಕೆಲಸಕ್ಕಿದ್ದಾಗ ಸಾವು ಸಂಭವಿಸುತ್ತದೆ. ಅಡುಗೆಯವಳಿಗೆ ಕಿವಿಯಿದೆ, ಬುದ್ಧಿಯಿದೆ ಎಂಬುದು ಮನೆಯವರಿಗೆ ನೆನಪೇ ಇರುವುದಿಲ್ಲ. ಅವಳೆದುರೇ ಎಲ್ಲವನ್ನೂ ಮಾತಾಡುತ್ತಾರೆ. ಗಮನಕ್ಕೆ ಬಾರದೆ ಇರುವುದೇ ಅವಳ ಪತ್ತೇದಾರಿಕೆಗೆ ಬಂಡವಾಳ. ಬೆಚ್ಚನೆಯ ಪತ್ತೇದಾರಿ ಕಥೆಗಳಿಗೆಂದೇ ಅಮೆರಿಕದಲ್ಲಿ ನೀಡುವ ಆಗಾಥಾ ಪ್ರಶಸ್ತಿ, ಮೊದಲ ಕಾದಂಬರಿಯ ವಿಭಾಗದಲ್ಲಿ ಈ ಕೃತಿಗೆ ಬಂತು.

ಆದರೂ ದಾರಿ ಅಗಲವಾಗಲು ಕಾಲು ಶತಮಾನದಷ್ಟು ಕಾಲ ಬೇಕಾಯಿತು. 2013ರಲ್ಲಿ ಆಂಟಿ ಲೀಯ ಮೊದಲ ಕಾದಂಬರಿ ಬಂತು. 2018ರಿಂದೀಚೆಗಂತೂ ಚೀನೀ, ಫಿಲಿಪಿನೊ, ಕ್ಯೂಬನ್, ಆಫ್ರಿಕನ್-ಅಮೆರಿಕನ್ ಅಡುಗೆಮನೆಗಳ ಕಥೆಗಳು ಒಂದರ ಹಿಂದೊಂದು ಬಂದವು. ಅವುಗಳಲ್ಲಿ ಮೂರು ಅಡುಗೆಮನೆಗಳ ಒಳಗೆ ಹೊಕ್ಕು ನೋಡಬಹುದು. ಕೊಲೆಗಾರನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಓದುವವರ ಸುಖ ಕೆಡಿಸಬಾರದು.

ಸೀಗಡಿ ಕಡುಬು

ಮೊದಲನೆಯದು ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ್ದು. ವಿವಿಯನ್ ಚಿಯೆನ್ ಅವರ 'ಡೆತ್ ಬೈ ಡಂಪ್ಲಿಂಗ್' (2018) ಕಾದಂಬರಿಯ ಲಾನಾ ಲೀಯ ತಾಯಿ ತೈವಾನಿನವರು, ತಂದೆ ಬಿಳಿಯ ಅಮೆರಿಕನ್. ಮನೆಯವರು ನಡೆಸುವ ನೂಡಲ್ಸ್ ಹೋಟೆಲಿನಲ್ಲಿ ಅವಳು ಕೈಜೋಡಿಸಿದ್ದಾಳೆ. ಹೋಟೆಲು ಇರುವ ವ್ಯಾಪಾರ ಸಂಕೀರ್ಣದ ಮಾಲೀಕ ಫೆಂಗ್, ಅಲ್ಲಿಂದ ತರಿಸಿದ ಕಡುಬು ತಿಂದು ಸಾಯುತ್ತಾನೆ. ಅದರೊಳಗೆ ಇದ್ದದ್ದು ಸೀಗಡಿ. ಫೆಂಗ್‌ಗೆ ಸೀಗಡಿ, ಏಡಿಯಂಥ ಪ್ರಾಣಿಗಳ ಮಾಂಸ ಆಗದೆಂಬುದು ಹೋಟೆಲಿನ ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಅದು ಅವನ ಪೊಟ್ಟಣಕ್ಕೆ ಹೋದದ್ದು ಹೇಗೆ?

ಇಲ್ಲಿ ವಿಷವೇ ಇಲ್ಲದೆ ಸಾವು ಬಂದಿದೆ. ಸೀಗಡಿಯ ಸ್ನಾಯುಗಳಲ್ಲಿ ಟ್ರೋಪೊಮಯೋಸಿನ್ ಎಂಬ ಪ್ರೋಟೀನು ಇರುತ್ತದೆ. ನೂರಾರು ಜನ ಅದನ್ನು ಚಪ್ಪರಿಸಿ ತಿನ್ನುತ್ತಾರೆ. ಆದರೆ ಕೆಲವರ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರುವೆಂದು ತಪ್ಪು ತಿಳಿಯುತ್ತದೆ. ಐಜಿಇ ಎಂಬ ಪ್ರತಿಕಾಯಗಳ ಪ್ರಚೋದನೆಯಿಂದ ಕೆಲವು ಜೀವಕೋಶಗಳು ಹಿಸ್ಟಮೀನ್ ಮುಂತಾದ ರಾಸಾಯನಿಕಗಳನ್ನು ಒಮ್ಮೆಲೇ ಸುರಿಯುತ್ತವೆ. ಮೈ ದದ್ದೇಳುತ್ತದೆ, ಗಂಟಲು ಊದಿಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಕೂಡಲೇ ಅಡ್ರಿನಲಿನ್ ಚುಚ್ಚುಮದ್ದು ಸಿಗದಿದ್ದರೆ ಪ್ರಾಣಕ್ಕೇ ಸಂಚಕಾರ. ಚೆನ್ನಾಗಿ ಬೇಯಿಸಿದರೂ ಉಪಯೋಗವಿಲ್ಲ, ಏಕೆಂದರೆ ಈ ಪ್ರೋಟೀನು ಬಿಸಿಗೆ ಜಗ್ಗುವುದಿಲ್ಲ. ನೆಲಗಡಲೆ ಅಥವಾ ಮೊಟ್ಟೆ ಆಗದೆಂದು ಹೇಳುವ ಮಗುವನ್ನು 'ನಖರಾ ಮಾಡಬೇಡ' ಎಂದು ಗದರಿಸುವ ಹಿರಿಯರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕಥೆಯ ಮಟ್ಟಿಗೆ ಹೇಳುವುದಾದರೆ ಪೊಲೀಸರ ಕಣ್ಣು ಮೊದಲು ಬೀಳುವುದು ಹೋಟೆಲಿನ ಅಡುಗೆಮನೆಯ ಮೇಲೆ. ಒಳಗಿನವಳಾದ ಲಾನಾಗೆ ಮಾತ್ರ ಅಲ್ಲಿ ಯಾರು ಏನು ಮಾಡಬಲ್ಲರು, ಏನು ಮಾಡಲಾರರು ಎಂಬುದರ ಅಂದಾಜಿದೆ.

ಸಿಹಿಯ ಬಟ್ಟಲು

ಎರಡನೆಯ ಅಡುಗೆಮನೆ ಇಲಿನಾಯ್ ರಾಜ್ಯದ ಶೇಡಿ ಪಾಮ್ಸ್ ಎಂಬ ಕಾಲ್ಪನಿಕ ಊರಿನದು. ಮಿಯಾ ಪಿ. ಮನನ್ಸಾಲಾ ಅವರ 'ಆರ್ಸೆನಿಕ್ ಅಂಡ್ ಅಡೋಬೊ' (2021) ಕಾದಂಬರಿಯ ಲೀಲಾ ಮಕಪಗಾಲ್ ಪ್ರೇಮಭಂಗದ ನೋವಿನಲ್ಲಿ ಶಿಕಾಗೊದಿಂದ ಹುಟ್ಟೂರಿಗೆ ಮರಳಿದ್ದಾಳೆ. ಚಿಕ್ಕಮ್ಮ ರೋಸಿಯ ಫಿಲಿಪಿನೊ ಹೋಟೆಲು ಮುಳುಗುವ ಸ್ಥಿತಿಯಲ್ಲಿದೆ, ಅದನ್ನು ಉಳಿಸಬೇಕು. ಅಷ್ಟರಲ್ಲಿ ಅವಳ ಹಳೆಯ ಗೆಳೆಯ, ಈಗ ಪತ್ರಿಕೆಯಲ್ಲಿ ಹೋಟೆಲುಗಳನ್ನು ಹೀಗಳೆದು ಬರೆಯುವವನು, ಅಲ್ಲಿ ಸಿಹಿ ತಿನ್ನುತ್ತಿದ್ದಂತೆಯೇ ಬಟ್ಟಲಿನ ಮೇಲೆ ಮುಖವಿಟ್ಟು ಉರುಳುತ್ತಾನೆ. ಪೊಲೀಸರಿಗೆ ಲೀಲಾ ಒಬ್ಬಳೇ ಶಂಕಿತೆ. ಕಟ್ಟಡದ ಮಾಲೀಕನಿಗೆ ಇವರನ್ನು ಎಬ್ಬಿಸಲು ಒಳ್ಳೆಯ ನೆಪ.

ಶೀರ್ಷಿಕೆಯಲ್ಲಿರುವ ಆರ್ಸೆನಿಕ್, ಎಂದರೆ ಪಾಷಾಣ, ಪತ್ತೇದಾರಿ ಕಥೆಗಳ ಹಳೆಯ ನೆಂಟ. ಇದರ ಬಿಳಿಯ ಆಕ್ಸೈಡಿಗೆ ವಾಸನೆಯಿಲ್ಲ, ಹೇಳಿಕೊಳ್ಳುವಂಥ ರುಚಿಯೂ ಇಲ್ಲ. ಊಟದಲ್ಲಿ ಬೆರೆತರೆ ತಿಳಿಯುವುದಿಲ್ಲ. ಆಸ್ತಿಗಾಗಿ ಹಿರಿಯರನ್ನು ಮುಗಿಸಲು ಬಳಸುತ್ತಿದ್ದುದರಿಂದ ಫ್ರಾನ್ಸಿನಲ್ಲಿ ಇದಕ್ಕೆ 'ವಾರಸುದಾರಿಕೆಯ ಪುಡಿ' ಎಂಬ ಹೆಸರಿತ್ತಂತೆ. 1833ರಲ್ಲಿ ಇಂಗ್ಲೆಂಡಿನಲ್ಲಿ ತಾತನ ಕಾಫಿಗೆ ಪಾಷಾಣ ಹಾಕಿದನೆಂದು ಮೊಮ್ಮಗನೊಬ್ಬನ ಮೇಲೆ ಮೊಕದ್ದಮೆ ನಡೆಯಿತು. ರಸಾಯನತಜ್ಞ ಜೇಮ್ಸ್ ಮಾರ್ಷ್ ಪಾಷಾಣವನ್ನು ಪತ್ತೆ ಹಚ್ಚಿದ್ದರೂ, ನ್ಯಾಯಾಲಯದಲ್ಲಿ ತೋರಿಸುವ ಹೊತ್ತಿಗೆ ಆ ಮಾದರಿ ಕೆಟ್ಟುಹೋಗಿತ್ತು. ಆರೋಪಿ ಬಿಡುಗಡೆಯಾದ. ಇದರಿಂದ ನೊಂದ ಮಾರ್ಷ್ ಪಟ್ಟುಹಿಡಿದು ಕೂತು 1836ರಲ್ಲಿ ಹೊಸ ಪರೀಕ್ಷೆಯನ್ನು ಪ್ರಕಟಿಸಿದರು. ಮಾದರಿಗೆ ಸತುವು ಮತ್ತು ಆಮ್ಲ ಸೇರಿಸಿದಾಗ ಆರ್ಸೀನ್ ಅನಿಲ ಹೊಮ್ಮುತ್ತದೆ. ಅದನ್ನು ಕಾಯಿಸಿದರೆ ಗಾಜಿನ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಲೇಪ ಕೂರುತ್ತದೆ. ಅಲ್ಲಿಂದ ಮುಂದೆ ಪಾಷಾಣ ಅಡಗಿಕೊಳ್ಳುವುದು ಕಷ್ಟವಾಯಿತು.

ಇನ್ನು ಅಡೋಬೊ ಎಂದರೆ ಫಿಲಿಪ್ಪೀನ್ಸಿನ ಮನೆಮನೆಯ ಅಡುಗೆ. ಮಾಂಸವನ್ನು ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಕಾಳುಮೆಣಸುಗಳಲ್ಲಿ ಬೇಯಿಸುತ್ತಾರೆ. ಸೆಕೆಯ ದ್ವೀಪಗಳಲ್ಲಿ, ಫ್ರಿಜ್ ಇಲ್ಲದ ಕಾಲದಲ್ಲಿ ಮಾಂಸ ಕೆಡದಂತೆ ಕಾಪಾಡಿದ್ದು ವಿನೆಗರಿನ ಹುಳಿ. ಹುಳಿ ಹೆಚ್ಚಿದ್ದಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಕೊಡಗಿನ ಹಂದಿ ಕರಿಗೆ ಬೀಳುವ ಕಾಚಂಪುಳಿಯನ್ನು ಬಲ್ಲವರಿಗೆ ಈ ಯುಕ್ತಿ ಹೊಸದೇನಲ್ಲ. ಮನನ್ಸಾಲಾ ಅವರ ಈ ಚೊಚ್ಚಲ ಕೃತಿಗೂ ಆಗಾಥಾ ಪ್ರಶಸ್ತಿ ಸಂದಿದೆ.

ನಲವತ್ತು ದಿನದ ಬೀಜ

ಈಗ ಮತ್ತೆ ಸಿಂಗಪುರಕ್ಕೆ. ಆಂಟಿ ಲೀ ಪೆರನಾಕನ್ ಸಮುದಾಯದ ಅಡುಗೆಯನ್ನು ಮಾಡುವವಳು. ವ್ಯಾಪಾರಕ್ಕೆ ಬಂದ ಚೀನೀಯರು ಮಲಯ ನಾಡಿನಲ್ಲಿ ಮದುವೆಯಾಗಿ ನೆಲೆಸಿದ್ದರಿಂದ ಹುಟ್ಟಿದ ಸಮುದಾಯವಿದು. ಚೀನೀ ಮತ್ತು ಮಲಯ ರುಚಿಗಳೆರಡೂ ಇವರ ಅಡುಗೆಯಲ್ಲಿ ಬೆರೆತಿವೆ. ಅವರ ಹೆಮ್ಮೆಯ ಪದಾರ್ಥ ಬುವಾ ಕೆಲುವಾಕ್. ಸಸ್ಯಶಾಸ್ತ್ರಜ್ಞರು 'ಪ್ಯಾಂಜಿಯಮ್ ಎಡ್ಯೂಲೆ' ಎಂದು ಕರೆಯುವ ಮರದ ಬೀಜ ಅದು.

ಬೀಜ ವಿಷವೇ? ಹಸಿಯಾಗಿದ್ದಾಗ, ನಿಸ್ಸಂಶಯವಾಗಿ. ಅದರಲ್ಲಿ ಸಯನೈಡನ್ನು ಸಕ್ಕರೆಯ ಅಣುವಿಗೆ ಕಟ್ಟಿಹಾಕಿದಂಥ ಒಂದು ಸಂಯುಕ್ತವಿದೆ. ಬೀಜವನ್ನು ಜಜ್ಜಿದಾಗ ಕಿಣ್ವವೊಂದು ಆ ಕಟ್ಟನ್ನು ಬಿಚ್ಚುತ್ತದೆ, ಹೈಡ್ರೊಜನ್ ಸಯನೈಡ್ ಹೊರಬರುತ್ತದೆ. ಅದು ದೇಹಕ್ಕೆ ಸೇರಿದರೆ ಜೀವಕೋಶಗಳು ರಕ್ತದಲ್ಲಿರುವ ಆಮ್ಲಜನಕವನ್ನು ಬಳಸಿಕೊಳ್ಳಲಾರವು. ಉಸಿರಾಟ ನಡೆಯುತ್ತಿದ್ದರೂ ಕೋಶಗಳಿಗೆ ಉಸಿರು ಕಟ್ಟುತ್ತದೆ.

ಇದನ್ನು ಆ ನಾಡಿನ ಹೆಂಗಸರು ರಸಾಯನಶಾಸ್ತ್ರ ಹುಟ್ಟುವ ಮೊದಲೇ ಎದುರಿಸಿ ಗೆದ್ದಿದ್ದರು. ಬೀಜವನ್ನು ಕುದಿಸಿ, ಬೂದಿ, ಬಾಳೆ ಎಲೆ, ಮಣ್ಣುಗಳ ನಡುವೆ ನಲವತ್ತು ದಿನ ಹೂತಿಡುತ್ತಾರೆ. ಆಮೇಲೆ ತೆಗೆದು ದಿನಗಟ್ಟಲೆ ನೀರಿನಲ್ಲಿ ನೆನೆಸುತ್ತಾರೆ. ಹೈಡ್ರೊಜನ್ ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಆವಿಯಾಗುವ ವಸ್ತು, ನೀರಿನಲ್ಲಿ ಸುಲಭವಾಗಿ ಕರಗುವಂಥದ್ದು. ಕುದಿಸಿ, ಹುದುಗು ಬರಿಸಿ, ತೊಳೆದಾಗ ಅದು ಹೊರಟುಹೋಗುತ್ತದೆ. ಉಳಿಯುವುದು ಕಪ್ಪನೆಯ, ಘಮಘಮಿಸುವ ತಿರುಳು.

ಇಷ್ಟು ಓದಿದಾಗ ಮಲೆನಾಡು, ಕೊಡಗಿನವರಿಗೆ ಕಳಲೆಯ ನೆನಪಾಗದೆ ಇರದು. ಎಳೆಯ ಬಿದಿರಿನಲ್ಲಿಯೂ ಇದೇ ಜಾತಿಯ ಸಯನೈಡ್ ಸಂಯುಕ್ತವಿದೆ. ಮಳೆಗಾಲದಲ್ಲಿ ಕಳಲೆ ತಂದು, ಸಣ್ಣಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿದ ನೀರನ್ನೂ ಚೆಲ್ಲುವ ಅಜ್ಜಿಯಂದಿರು ಮಾಡುವುದು ಸಿಂಗಪುರದವರು ಮಾಡುವ ಕೆಲಸವನ್ನೇ. ಮರಗೆಣಸಿನ ವಿಷಯವೂ ಹೀಗೆಯೇ. ಅವಸರದಲ್ಲಿ ಈ ಕ್ರಮವನ್ನು ಕೈಬಿಡುವುದು ಅಪಾಯ ಎಂಬುದನ್ನು ಮಕ್ಕಳಿಗೆ ತಿಳಿಸಿ ಹೇಳಬೇಕು.

ಆಂಟಿ ಲೀಯ ವಾದ ನಿಲ್ಲುವುದೂ ಇಲ್ಲಿಯೇ. ಬೀಜವನ್ನು ಹದ ಮಾಡಿದ ಬಗೆ ಅವಳಿಗೆ ಗೊತ್ತು, ತನ್ನ ಕೈಯ ಮೇಲೆ ಅವಳಿಗೆ ನಂಬಿಕೆಯಿದೆ. ಅಡುಗೆಯಿಂದ ಸಾವು ಬಂದಿಲ್ಲವೆಂದರೆ ಮತ್ತೆಲ್ಲಿಂದ ಬಂತು? ಈ ಪ್ರಶ್ನೆಯನ್ನು ಹಿಡಿದು, ಫಿಲಿಪ್ಪೀನ್ಸಿನಿಂದ ಬಂದ ಸಹಾಯಕಿ ನೀನಾಳನ್ನು ಜೊತೆಗಿಟ್ಟುಕೊಂಡು ಅವಳು ಹೊರಡುತ್ತಾಳೆ. 'ಬೀಜ ವಿಷ' ಎಂಬಷ್ಟಕ್ಕೇ ತನಿಖೆ ನಿಲ್ಲಿಸಿದವರು ಅರ್ಧ ವಿಜ್ಞಾನವನ್ನು ಮಾತ್ರ ಓದಿದ್ದರು. ಉಳಿದರ್ಧ ಅಡುಗೆಯವಳ ಬಳಿ ಇತ್ತು.

ಒಂದು ಪತ್ರದ ಕಥೆ

ಹೀಗೆ ಹೋಟೆಲಿನ ಹೆಸರು ಕೆಡುವುದು ಕಥೆಗಾರರ ಕಲ್ಪನೆ ಮಾತ್ರವೇ? ಅಲ್ಲವೆನ್ನುವುದಕ್ಕೆ ಇತಿಹಾಸವೇ ಇದೆ. 1968ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ನಿಯತಕಾಲಿಕೆ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ಗೆ ರಾಬರ್ಟ್ ಹೋ ಮನ್ ಕ್ವಾಕ್ ಎಂಬ ವೈದ್ಯರು ಪತ್ರವೊಂದನ್ನು ಬರೆದರು. ಚೀನೀ ಹೋಟೆಲಿನಲ್ಲಿ ಊಟ ಮಾಡಿದ ಮೇಲೆ ಕತ್ತಿನ ಹಿಂಭಾಗ ಜೋಮು ಹಿಡಿದಂತಾಗುತ್ತದೆ, ನಿಶ್ಶಕ್ತಿ ಬರುತ್ತದೆ, ಇದಕ್ಕೆ ಕಾರಣವೇನಿರಬಹುದು ಎಂಬುದು ಅವರ ಪ್ರಶ್ನೆ. ಹಲವು ಸಾಧ್ಯತೆಗಳನ್ನು ಅವರು ಸೂಚಿಸಿದ್ದರು. ಅವುಗಳಲ್ಲೊಂದು ಮೊನೊಸೋಡಿಯಂ ಗ್ಲುಟಮೇಟ್. ಗೋಬಿ ಮಂಚೂರಿ ಗಾಡಿಗಳ 'ಟೇಸ್ಟಿಂಗ್ ಪೌಡರ್', ಅಜಿನೊಮೊಟೊ. ಪತ್ರಕ್ಕೆ ಬಿದ್ದ ತಲೆಬರಹ 'ಚೈನೀಸ್ ರೆಸ್ಟೊರೆಂಟ್ ಸಿಂಡ್ರೋಮ್' ಎಂದು. ಪ್ರಶ್ನೆ ಮರೆತುಹೋಯಿತು, ತಲೆಬರಹ ಉಳಿಯಿತು. 'ನಾವು ಈ ಪುಡಿ ಬಳಸುವುದಿಲ್ಲ' ಎಂದು ಚೀನೀ ಹೋಟೆಲುಗಳು ಬೋರ್ಡು ಹಾಕಿಕೊಳ್ಳುವಂತಾಯಿತು.

ಗ್ಲುಟಮೇಟ್ ಚೀನೀಯರ ಸೊತ್ತೇನೂ ಅಲ್ಲ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಸಮುದ್ರದ ಪಾಚಿಯಿಂದ ಅದರ ರುಚಿಯನ್ನು ಬೇರ್ಪಡಿಸಿ ತೋರಿಸಿದರು. ಟೊಮೆಟೊ ಹಣ್ಣಿನಲ್ಲಿ, ಇಟಲಿಯ ಹಳೆಯ ಚೀಸಿನಲ್ಲಿ, ತಾಯಿಯ ಹಾಲಿನಲ್ಲಿಯೂ ಅದು ಸಹಜವಾಗಿಯೇ ಇದೆ. ಯಾರಿಗೆ ಏನು ಕೊಟ್ಟಿದ್ದೇವೆಂದು ಪರೀಕ್ಷಕರಿಗೂ ತಿಳಿಯದಂತೆ ನಡೆಸಿದ ಪ್ರಯೋಗಗಳಲ್ಲಿ, ಊಟವಿಲ್ಲದೆ ಬರಿದೇ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಕೆಲವರಿಗೆ ಸಣ್ಣ ಪುಟ್ಟ ತೊಂದರೆ ಕಾಣಿಸಿತೇ ಹೊರತು, ಊಟದೊಡನೆ ಸಾಮಾನ್ಯ ಪ್ರಮಾಣದಲ್ಲಿ ಸೇವಿಸಿದವರಲ್ಲಿ ಅಂಥ ಪರಿಣಾಮ ಸ್ಥಿರವಾಗಿ ಕಂಡುಬರಲಿಲ್ಲ. ಹಾಗೆಂದು ಯಾವ ಉಪ್ಪನ್ನೂ ಮಿತಿಮೀರಿ ತಿನ್ನಬೇಕಿಲ್ಲ. ಇಟಲಿಯ ಹೋಟೆಲಿನಲ್ಲಿ ಚೀಸು ತಿಂದು ಸುಮ್ಮನಿದ್ದವರು ಚೀನೀ ಹೋಟೆಲಿನ ಮೇಲೆ ದೂರು ಹೇಳಿದ್ದೇಕೆ ಎಂಬುದು ಯೋಚಿಸಬೇಕಾದ ಪ್ರಶ್ನೆ. 2020ರಲ್ಲಿ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರ ಮುಂದೆ ಈ ಪದದ ಬಗೆಗೆ ಆಕ್ಷೇಪ ಬಂದು, ಅವರು ಅದರ ವಿವರಣೆಯನ್ನು ಪರಿಷ್ಕರಿಸಬೇಕಾಯಿತು. ಅರ್ಧ ಶತಮಾನ ಸಂದಿತ್ತು.

ಈ ಹಿನ್ನೆಲೆಯಲ್ಲಿ ನೋಡಿದರೆ ಲಾನಾ, ಲೀಲಾ, ಆಂಟಿ ಲೀಯರು ಮೈಮೇಲೆ ಎಳೆದುಕೊಂಡ ಕೆಲಸದ ತೂಕ ತಿಳಿಯುತ್ತದೆ. ಅವರು ಹಿಡಿಯಬೇಕಾದದ್ದು ಕೊಲೆಗಾರನನ್ನು ಮಾತ್ರವಲ್ಲ. 'ಅವರ ಊಟವಲ್ಲವೇ, ಏನು ಹಾಕುತ್ತಾರೋ ಏನೋ' ಎಂಬ ಮಾತನ್ನೂ ಸುಳ್ಳು ಮಾಡಬೇಕು. ಅಪರಾಧಿ ಸಿಕ್ಕಿಬಿದ್ದ ಮೇಲೆ ಹೋಟೆಲಿಗೆ ಗಿರಾಕಿಗಳು ಮರಳಿ ಬಂದಾಗಲೇ ಈ ಕಥೆಗಳು ನಿಜವಾಗಿ ಮುಗಿಯುವುದು.

1921ರ ಬೆಂಗಳೂರಿನಲ್ಲಿ

ಕನ್ನಡಿಗರಿಗೆ ಹತ್ತಿರದ ಉದಾಹರಣೆಯೂ ಇದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ 2022ರಲ್ಲಿ ಇಂಗ್ಲಿಷಿನಲ್ಲಿ 'ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಕೆರೆ, ಮರಗಳ ಬಗೆಗೆ ಸಂಶೋಧನೆ ನಡೆಸಿದವರ ಕೈಯಿಂದ ಬಂದ ಪತ್ತೇದಾರಿ ಕಥೆಯಿದು. ಇದು ಹೋಟೆಲಿನ ಕಥೆಯಲ್ಲ. ಕಾಲ 1921. ನಾಯಕಿ ಕಾವೇರಿ, ಬೌರಿಂಗ್ ಆಸ್ಪತ್ರೆಯ ವೈದ್ಯ ರಾಮುವಿನ ಹೊಸ ಹೆಂಡತಿ. ಗಣಿತವೆಂದರೆ ಅವಳಿಗೆ ಪ್ರಾಣ, ಆದರೆ ಹೆಣ್ಣುಮಕ್ಕಳು ಓದುವುದು ಅತ್ತೆಗೆ ಸೇರುವುದಿಲ್ಲ. ಸೆಂಚುರಿ ಕ್ಲಬ್ಬಿನಲ್ಲಿ ನಡೆದ ಔತಣದ ವೇಳೆ ಕೊಲೆಯಾದಾಗ ಅವಳ ಲೆಕ್ಕಾಚಾರದ ಬುದ್ಧಿ ಎಚ್ಚರಗೊಳ್ಳುತ್ತದೆ. ನೆರೆಮನೆಯ ಉಮಾ ಆಂಟಿ ಅವಳಿಗೆ ಜೊತೆ. ಪುಸ್ತಕದ ಕೊನೆಯಲ್ಲಿ ನಮ್ಮ ಕಡೆಯ ಅಡುಗೆಗಳ ವಿಧಾನಗಳೂ ಇವೆ. ಮುಂದಿನ ಭಾಗಗಳೂ ಬಂದಿವೆ. ಬ್ರಿಟಿಷರ ಕಾಲದ ಬೆಂಗಳೂರನ್ನು ಇಂಗ್ಲಿಷ್ ಕಾದಂಬರಿಯಲ್ಲಿ ದಂಡಿನ ಬಂಗಲೆಯ ಜಗುಲಿಯಿಂದ ನೋಡದೆ, ಕನ್ನಡ ಮಾತಾಡುವ ಮನೆಯ ಒಳಗಿನಿಂದ ನೋಡಿದ್ದು ಇದರ ಸೊಗಸು.

ಇಂಥ ಪುಸ್ತಕಗಳಲ್ಲಿ ಬಂಧುವಾಚಕಗಳು ಹಾಗೆಯೇ ಉಳಿದಿರುತ್ತವೆ. ಫಿಲಿಪಿನೊ ಕಥೆಯಲ್ಲಿ ಚಿಕ್ಕಮ್ಮ 'ತೀತಾ', ಅಜ್ಜಿ 'ಲೋಲಾ', ಧರ್ಮಮಾತೆ 'ನಿನಾಂಗ್'. ಏಪ್ರಿಲ್, ಮೇ, ಜೂನ್ ಎಂಬ ಹೆಸರಿನ ಮೂವರು ನಿನಾಂಗ್‌ಗಳು ಲೀಲಾಳಿಗೆ ಬುದ್ಧಿ ಹೇಳುವುದನ್ನು ಓದಿದರೆ, ಮದುವೆಮನೆಯಲ್ಲಿ ಸಾಲಾಗಿ ಕೂತ ನಮ್ಮ ಅತ್ತೆ-ಚಿಕ್ಕಮ್ಮಂದಿರೇ ಕಣ್ಣಮುಂದೆ ಬರುತ್ತಾರೆ. ಈ ಮಾತುಗಳ ಅರ್ಥ ಮತ್ತು ಉಚ್ಚಾರವನ್ನು ಮನನ್ಸಾಲಾ ಪುಸ್ತಕದಲ್ಲೇ ಕೊಟ್ಟಿದ್ದಾರೆ.

ಹಾಗೆಂದು ಎಲ್ಲವೂ ಸರಿಯಿದೆ ಎನ್ನುವಂತಿಲ್ಲ. ಚೀನೀ ಮನೆತನವೆಂದರೆ ನೂಡಲ್ಸ್ ಹೋಟೆಲು, ಭಾರತೀಯರೆಂದರೆ ಮಸಾಲೆ ಎಂಬ ಹೊಸ ಅಚ್ಚೊಂದು ಸಿದ್ಧವಾಗುವ ಅಪಾಯವಿದೆ. ಊಟದ ಮೂಲಕವೇ ಪರಿಚಯ ಹೇಳಿಕೊಳ್ಳಬೇಕೆಂಬ ಒತ್ತಾಯ ಬಿಳಿಯ ಲೇಖಕರಿಗೆ ಇಲ್ಲ, ಉಳಿದವರಿಗೆ ಏಕಿರಬೇಕು? ಇದಕ್ಕೆ ಒಳ್ಳೆಯ ಲೇಖಕಿಯರು ಕಂಡುಕೊಂಡಿರುವ ಉಪಾಯ, ಪಾತ್ರಗಳಿಗೆ ಬೇರೆ ಚಿಂತೆಗಳನ್ನೂ ಕೊಡುವುದು. ಆ್ಯಬಿ ಕೊಲೆಟ್ ಅವರ 'ಎ ಡೆಡ್ಲಿ ಇನ್‌ಸೈಡ್ ಸ್ಕೂಪ್' (2020) ಕಾದಂಬರಿಯ ಆಫ್ರಿಕನ್-ಅಮೆರಿಕನ್ ನಾಯಕಿ ನಡೆಸುವುದು ಎಲ್ಲರೂ ತಿನ್ನುವ ಐಸ್‌ಕ್ರೀಮಿನ ಅಂಗಡಿ.

ಡಬ್ಬಿಯ ಮುಚ್ಚಳ

ತಂದೆತಾಯಂದಿರಿಗೆ ಒಂದು ಮಾತು. ಈ ಪುಸ್ತಕಗಳ ಇಂಗ್ಲಿಷ್ ಸರಳವಾಗಿದೆ, ಹಿಂಸೆಯ ವರ್ಣನೆ ಕಡಿಮೆ. ಪಿಯುಸಿ ಮೆಟ್ಟಿಲು ಹತ್ತಿದ ಮಕ್ಕಳು ಓದಬಹುದು. ರಜೆಯಲ್ಲಿ ಇಂಗ್ಲಿಷ್ ಸುಧಾರಿಸಲಿ ಎಂದು ಹಂಬಲಿಸುವವರಿಗೆ ಇದಕ್ಕಿಂತ ರುಚಿಯಾದ ಮದ್ದು ಸಿಗಲಾರದು. ಪ್ರೇಮಪ್ರಸಂಗಗಳು ಅಲ್ಲಲ್ಲಿ ಬರುವುದರಿಂದ ಹಿರಿಯರು ಮೊದಲು ಓದಿ ಕೊಟ್ಟರೆ ಆಯಿತು. ಹಾಗೆ ಓದಲು ತೆಗೆದುಕೊಂಡ ಹಿರಿಯರು ಪುಸ್ತಕವನ್ನು ಮಕ್ಕಳಿಗೆ ಹಿಂತಿರುಗಿಸುವುದು ತಡವಾದರೆ ಆಶ್ಚರ್ಯವಿಲ್ಲ.

ಇಂಗ್ಲಿಷಿಗಿಂತ ದೊಡ್ಡ ಲಾಭವೊಂದಿದೆ. ಮಧ್ಯಾಹ್ನ ಶಾಲೆಯ ಜಗುಲಿಯಲ್ಲಿ ಊಟದ ಡಬ್ಬಿಗಳು ತೆರೆಯುವ ಹೊತ್ತನ್ನು ಯಾರಾದರೂ ಗಮನಿಸಿದರೆ, ಮುಚ್ಚಳವನ್ನು ಅರ್ಧ ಮಾತ್ರ ತೆಗೆದು, ಕೈ ಅಡ್ಡ ಇಟ್ಟುಕೊಂಡು ಉಣ್ಣುವ ಮಗುವೊಂದು ಕಣ್ಣಿಗೆ ಬೀಳುತ್ತದೆ. ಒಣಮೀನಿನ ಚಟ್ನಿಯೋ, ಕಳಲೆಯ ಪಲ್ಯವೋ, ಗುರೆಳ್ಳು ಪುಡಿ ಹಚ್ಚಿದ ರೊಟ್ಟಿಯೋ ಇರಬಹುದು. ಪಕ್ಕದವರು ಮೂಗು ಮುಚ್ಚಿಕೊಂಡದ್ದು ಒಮ್ಮೆಯೇ ಆದರೂ ಸಾಕು, ಮರುದಿನದಿಂದ ಆ ಮಗು ಮನೆಯಲ್ಲಿ ಬ್ರೆಡ್ಡು, ನೂಡಲ್ಸ್ ಕೊಡಿಸೆಂದು ಹಟ ಹಿಡಿಯುತ್ತದೆ. ಚಿಕ್ಕಮ್ಮ ರೋಸಿಯ ಹೋಟೆಲಿಗೆ ಬಿದ್ದ ಬೀಗ ಎಷ್ಟು ದೊಡ್ಡದೆಂದು ಆ ಮಗುವಿಗೆ ಯಾರೂ ವಿವರಿಸಬೇಕಾಗಿಲ್ಲ. ಮೂಗು ಮುಚ್ಚಿಕೊಂಡ ಮಗುವಿಗೆ ಮಾತ್ರ ಇಂಥದೊಂದು ಕಥೆ ಓದಿಸುವುದು ಒಳ್ಳೆಯದು.

ವಿದ್ಯಾರ್ಥಿಗಳು ಕಥೆ ಓದುವ ಮೊದಲೇ ಮನೆಯಲ್ಲಿ ಒಂದು ಸಣ್ಣ ತನಿಖೆ ನಡೆಸಬಹುದು. ಕಳಲೆಯ ನೀರನ್ನು ದಿನವೂ ಬದಲಿಸುವುದೇಕೆ, ಕೆಸುವಿನ ಎಲೆಯ ಪತ್ರೊಡೆಗೆ ಹುಣಸೆಹಣ್ಣು ಹಾಕುವುದೇಕೆ, ಉಪ್ಪಿನಕಾಯಿಯ ಭರಣಿಗೆ ಒದ್ದೆ ಸೌಟು ತಾಗಿಸಬಾರದೇಕೆ ಎಂದು ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ಬರೆದುಕೊಳ್ಳುವುದು. ಆಮೇಲೆ ಪ್ರತಿಯೊಂದಕ್ಕೂ ವಿಜ್ಞಾನದ ಪುಸ್ತಕದಲ್ಲಿ ಉತ್ತರ ಹುಡುಕು���ುದು. ಕೆಸುವಿನಲ್ಲಿ ಗಂಟಲು ಕೆರೆಸುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ ಎಂಬಲ್ಲಿಂದ ಶುರು ಮಾಡಬಹುದು. ಉಳಿದ ಎರಡರ ಸುಳಿವುಗಳು ಈ ಲೇಖನದಲ್ಲೇ ಇವೆ. ರೊನಾಲ್ಡ್ ನಾಕ್ಸರ ನಿಯಮದಂತೆ ಯಾವುದನ್ನೂ ಮುಚ್ಚಿಟ್ಟಿಲ್ಲ.